ಕೊಟ್ಟಿಗೆಯಲ್ಲಿ ಸಾಲಗಾರ ಯಾರು

ಟಿ. ನರಸೀಪುರದ ಕಡೆಯ ಒಂದು ಊರು. ಮಾತಾಡುವವರು ಇಬ್ಬರು. ಒಬ್ಬರು ಸೀಮೆಹಸು ಸಾಕಿ ಡೈರಿಗೆ ಹಾಲು ಹಾಕುವ ರೈತ. ಇನ್ನೊಬ್ಬಳು ಅವರ ತಮ್ಮನ ಮಗಳು, ಬೆಂಗಳೂರಿನ ಹೆಬ್ಬಾಳದಲ್ಲಿ ಪಶುವೈದ್ಯಕೀಯ ಓದುತ್ತಿರುವವಳು, ಹಾಲು ಕುಡಿಯುವುದನ್ನು ಬಿಟ್ಟವಳು. ಗುಲಾಮಗಿರಿ ಎನ್ನುವುದು ಈ ಮನೆಗೆ ಪುಸ್ತಕದಿಂದ ಬಂದ ವಿಷಯವಲ್ಲ. ಪ್ರಾಣಿ ಸಾಕುವುದೂ ಒಂದು ಗುಲಾಮಗಿರಿಯೇ ಎಂಬ ಪ್ರಶ್ನೆಯನ್ನು ಇಂಥವರ ಬಾಯಲ್ಲೇ ಕೇಳಬೇಕು ಅನ್ನಿಸಿ ಬರೆದಿದ್ದೇನೆ.

ದೊಡ್ಡಪ್ಪ: ಕಾಫಿಗೆ ಹಾಲು ಬೇಡ ಅಂದೆ, ಸರಿ. ನಿನ್ನಿಷ್ಟ, ಬಲವಂತ ಇಲ್ಲ. ಆದರೆ ನಿಮ್ಮ ದೊಡ್ಡಮ್ಮನ ಹತ್ತಿರ ಹಸು ಸಾಕೋದೂ ಗುಲಾಮಗಿರಿನೇ ಅಂದೆಯಂತೆ. ಆ ಮಾತು ನನಗೆ ತಡೆಯಲಿಲ್ಲ. ಈ ಜಗಲಿ ಮೇಲೆ ಕೂತು ಹಾಗನ್ನೋಕೆ ಮುಂಚೆ ಈ ಮನೆ ಯಾರು ಕಟ್ಟಿದ್ದು ಅಂತ ಯೋಚನೆ ಮಾಡಬೇಕಿತ್ತು.

ಮಗಳು: ಯೋಚನೆ ಮಾಡಿಯೇ ಅಂದದ್ದು ದೊಡ್ಡಪ್ಪ. ತಾತ ಜೀತಕ್ಕಿದ್ದವರು ಅಂತ ಗೊತ್ತಿರೋದಕ್ಕೇ ಅಂದೆ.

ದೊಡ್ಡಪ್ಪ: ಗೊತ್ತಿರೋದು ಬೇರೆ, ಕಣ್ಣಾರೆ ಕಂಡಿರೋದು ಬೇರೆ ಕಣವ್ವ. ಅಪ್ಪ ಇನ್ನೂ ದನ ಕಾಯೋ ಹುಡುಗ ಆಗಿದ್ದಾಗಲೇ ಗೌಡರ ಮನೆ ಸೇರಿದ್ದು. ಅವರಪ್ಪ ಮದುವೆ ಖರ್ಚಿಗೆ ಅಂತ ತಂದಿದ್ದ ಸಾಲ. ವರ್ಷಕ್ಕೆ ಇಷ್ಟು ಪಲ್ಲ ರಾಗಿ, ಒಂದು ಕಂಬಳಿ, ಒಂದು ಜೊತೆ ಎಕ್ಕಡ. ಮಲಗೋದು ಕೊಟ್ಟಿಗೆ ಮೂಲೇಲಿ. ಒಂದು ಸಲ ಗೌಡರ ಎತ್ತಿಗೆ ಹೊಟ್ಟೆ ಉಬ್ಬರ ಬಂತು. ಗೌಡರು ರಾತ್ರಿಯೆಲ್ಲ ಅದರ ಪಕ್ಕ ಕೂತಿದ್ದರು, ಗೊಟ್ಟದಲ್ಲಿ ಎಣ್ಣೆ ಕುಡಿಸಿದರು, ಬೆಳಗಾಗೋದರೊಳಗೆ ಗಾಡಿ ಕಟ್ಟಿಸಿ ದನದ ಡಾಕ್ಟರನ್ನ ಕರೆಸಿದರು. ಅದೇ ವರ್ಷ ಅಪ್ಪನಿಗೆ ಚಳಿಜ್ವರ ಹಿಡಿದು ಮೇಲೇಳೋಕಾಗಲಿಲ್ಲ. ಮನೆಗೆ ಹೋಗಿ ಬಿದ್ದಿರು, ವಾಸಿಯಾದ ಮೇಲೆ ಬಾ ಅಂದರು. ಬಾರದ ದಿನಗಳನ್ನ ಸಾಲದ ಲೆಕ್ಕಕ್ಕೆ ಸೇರಿಸಿದರು. ಈಗ ಹೇಳು. ಎತ್ತನ್ನ ಗುಲಾಮ ಅಂದರೆ ಅಪ್ಪನನ್ನ ಏನಂತ ಕರೀತೀಯ?

ಮಗಳು: ಅಂಬೇಡ್ಕರ್ ಇದನ್ನೇ ಬರೆದಿದ್ದಾರೆ ದೊಡ್ಡಪ್ಪ. ಗುಲಾಮನಿಗೆ ಬೆಲೆ ಇತ್ತು, ದುಡ್ಡು ಕೊಟ್ಟು ತಂದವನು ಅಂತ ಒಡೆಯ ಅವನ ಆರೋಗ್ಯ ನೋಡ್ತಿದ್ದ. ರೋಮಿನವರು ಜ್ವರ ಬರೋ ಜೌಗು ನೆಲಕ್ಕೆ ತಮ್ಮ ಗುಲಾಮರನ್ನ ಕಳಿಸ್ತಿರಲಿಲ್ಲ, ಸತ್ತರೂ ನಷ್ಟ ಇಲ್ಲ ಅಂತ ಕೂಲಿಯವರನ್ನ ಕಳಿಸ್ತಿದ್ದರು. ಅಸ್ಪೃಶ್ಯನಿಗೆ ಆ ಬೆಲೆಯೂ ಇರಲಿಲ್ಲ ಅನ್ನೋದು ಅವರ ವಾದ.

ದೊಡ್ಡಪ್ಪ: ಅದೇ ನಾನೂ ಹೇಳಿದ್ದು. ಎತ್ತು ನಮಗಿಂತ ಮೇಲಿತ್ತು.

ಮಗಳು: ಆದರೆ ಆ ವಾದದೊಳಗೆ ಇನ್ನೊಂದು ಮಾತಿದೆ. ಬೆಲೆಯಿಂದ ಬಂದ ಆರೈಕೆ ಬೆಲೆ ಇರೋ ತನಕ ಮಾತ್ರ. ಉಬ್ಬರ ಬಂದ ಆ ಎತ್ತು ಮುದಿ ಆದಾಗ ಏನಾಯ್ತು?

ದೊಡ್ಡಪ್ಪ: ಮುಡುಕುತೊರೆ ಜಾತ್ರೇಲಿ ಮಾರಿದರು. ಹೊಡ್ಕೊಂಡು ಹೋದದ್ದೂ ಅಪ್ಪನೇ. ನಾನೂ ಜೊತೆಗಿದ್ದೆ, ಸಣ್ಣವನು. ದಲ್ಲಾಳಿ ಬಂದು ಎತ್ತಿನ ಮೂಗು ಹಿಡಿದೆತ್ತಿ, ತುಟಿ ಸರಿಸಿ ಹಲ್ಲು ನೋಡಿದ. ಬಾಯಿಗೂಡಿ ಎಷ್ಟು ವರ್ಷ ಆಯ್ತು ಅಂತ ಹಲ್ಲಿನ ಸವೆತದಲ್ಲೇ ಹೇಳಿಬಿಡ್ತಾರೆ. ಆಮೇಲೆ ಸುಳಿ ನೋಡಿದ, ಬಾಲ ತಿರುಚಿ ನಡೆಸಿ ನೋಡಿದ. ಇಬ್ಬರೂ ಟವಲಿನೊಳಗೆ ಕೈ ಹಾಕಿ ಬೆರಳು ಹಿಡಿದು ರೇಟು ಕುದುರಿಸಿದರು. ಎತ್ತು ಅಪ್ಪನ ಕಡೆಗೇ ನೋಡ್ತಾ ನಿಂತಿತ್ತು. ಹುಟ್ಟಿದಾಗಿನಿಂದ ಮೇಯಿಸಿದ್ದು, ಮೂಗುದಾರ ಹಾಕುವಾಗ ಹಿಡಿದುಕೊಂಡಿದ್ದು, ನೊಗಕ್ಕೆ ರೂಢಿ ಮಾಡಿದ್ದು ಎಲ್ಲ ಅಪ್ಪನೇ. ಮಾರಬೇಡಿ ಅನ್ನೋಕೆ ಅಪ್ಪನಿಗೆ ಬಾಯಿರಲಿಲ್ಲ.

ಮಗಳು: ಅಮೆರಿಕದ ಗುಲಾಮರ ಸಂತೆಯಲ್ಲೂ ಕೊಳ್ಳೋರು ಬಾಯಿ ತೆರೆಸಿ ಹಲ್ಲು ನೋಡ್ತಿದ್ದರು. ಅಂಗಿ ಬಿಚ್ಚಿಸಿ ಬೆನ್ನು ನೋಡ್ತಿದ್ದರು, ಬಾಸುಂಡೆ ಇದ್ದರೆ ಮಾತು ಕೇಳದವನು ಅಂತ ರೇಟು ಇಳಿಸ್ತಿದ್ದರು. ದನದ ಸಂತೆಯ ಪದ್ಧತಿಯನ್ನೇ ಮನುಷ್ಯರ ಮೇಲೆ ನಡೆಸಿದ್ದು. ಇನ್ನೂ ಹಿಂದಕ್ಕೆ ಹೋದರೆ ಅರಿಸ್ಟಾಟಲ್ ತನ್ನ ರಾಜಕೀಯ ಗ್ರಂಥದಲ್ಲಿ ಬಡವನ ಮನೇಲಿ ಆಳಿನ ಜಾಗದಲ್ಲಿ ಎತ್ತು ಇರ್ತದೆ ಅಂತ ಸಲೀಸಾಗಿ ಬರೆದುಬಿಟ್ಟಿದ್ದಾನೆ. ಗುಲಾಮ, ಎತ್ತು, ಎರಡೂ ಒಂದೇ ಗೂಟಕ್ಕೆ ಅವನ ಲೆಕ್ಕದಲ್ಲಿ.

ದೊಡ್ಡಪ್ಪ: ಅಲ್ಲೇ ನನ್ನ ಸಿಟ್ಟಿರೋದು. ನಮ್ಮನ್ನ ದನಕ್ಕೆ ಹೋಲಿಸಿದವರು ನಮ್ಮನ್ನ ತುಳಿದವರು. ಆ ಗೂಟದಿಂದ ಬಿಡಿಸಿಕೊಂಡು ಬರೋಕೆ ಎರಡು ತಲೆಮಾರು ಹಿಡೀತು. ಈಗ ಓದಿದ ಮಗಳೇ ಬಂದು ವಾಪಸ್ ದನದ ಪಕ್ಕ ನಿಲ್ಲಿಸ್ತೀನಿ ಅಂದ್ರೆ?

(ಇಲ್ಲಿ ನನ್ನದೊಂದು ಮಾತು ಸೇರಿಸಬೇಕು. ಈ ಸಿಟ್ಟು ಈ ಮನೆಯದಷ್ಟೇ ಅಲ್ಲ. 1988ರಲ್ಲಿ ಮಾರ್ಜರಿ ಸ್ಪೀಗಲ್ ಎಂಬ ಲೇಖಕಿ ಮನುಷ್ಯರ ಗುಲಾಮಗಿರಿಯನ್ನೂ ಪ್ರಾಣಿಗಳ ಗುಲಾಮಗಿರಿಯನ್ನೂ ಎದುರುಬದುರು ಇಟ್ಟು ಪುಸ್ತಕ ಬರೆದಾಗ ಅದಕ್ಕೆ ಮುನ್ನುಡಿ ಬರೆದವರು ಕಪ್ಪು ಜನರ ನಡುವಿನಿಂದ ಬಂದ ಅಲೀಸ್ ವಾಕರ್. ಅದೇ ಜನರ ನಡುವೆ ಈ ಹೋಲಿಕೆ ಕೇಳಿ ನೊಂದವರೂ ಇದ್ದಾರೆ. ಹಸಿವು ಗೊತ್ತಿಲ್ಲದವರು ಈ ಹೋಲಿಕೆಯನ್ನು ಘೋಷಣೆ ಮಾಡಿಕೊಂಡು ಕೂಗಿದರೆ ಅದು ಅವಮಾನವೇ. ಇಲ್ಲಿ ಕೂತಿರುವ ಹುಡುಗಿ ಹಾಗೆ ಕೂಗುತ್ತಿಲ್ಲ.)

ಮಗಳು: ತಾತನನ್ನ ಕೆಳಗಿಳಿಸೋಕೆ ಹೇಳಿದ್ದಲ್ಲ ದೊಡ್ಡಪ್ಪ. ಏನು ಮಾಡಿದರೂ ಕೇಳೋರಿಲ್ಲ ಅನ್ನೋ ಒಂದು ಜಾಗವನ್ನ ಮನುಷ್ಯ ಮೊದಲು ಪ್ರಾಣಿಗಾಗಿ ಮಾಡಿಟ್ಟ. ಆಮೇಲೆ ತನಗೆ ಬೇಡದ ಮನುಷ್ಯರನ್ನೂ ಅದರೊಳಗೆ ತಳ್ಳಿದ. ತಾತ ಆ ಜಾಗದಿಂದ ಎದ್ದು ಬಂದರು. ಜಾಗ ಇನ್ನೂ ಹಾಗೇ ಇದೆಯಲ್ಲ ಅಂತ ನನ್ನ ಸಂಕಟ.

ದೊಡ್ಡಪ್ಪ: ಅಪ್ಪನಿಗೆ ತಾನು ಜೀತದಲ್ಲಿದ್ದೀನಿ ಅಂತ ಗೊತ್ತಿತ್ತು. ನಮ್ಮನ್ನ ಇಸ್ಕೂಲಿಗೆ ಕಳಿಸಬೇಕು ಅಂತ ಆಸೆ ಇತ್ತು. ಸಾಲದ ಚೀಟೀಲಿ ಏನು ಬರೆದಿದೆ ಅಂತ ಓದೋಕೆ ಬರದೆ ಒದ್ದಾಡ್ತಿದ್ದ. ಹಸುವಿಗೆ ಇದೆಲ್ಲ ಇದೆಯಾ? ಹೊಟ್ಟೆಗೆ ಹುಲ್ಲು, ಮೈಗೆ ನೆರಳು, ಮೈ ತಿಕ್ಕೋಕೆ ಒಬ್ಬ ಇದ್ದರೆ ಅದಕ್ಕೆ ನೆಮ್ಮದಿ. ನಾಟಿ ಹಸು ಬೆಳಿಗ್ಗೆ ಬಿಟ್ಟರೆ ಸಂಜೆ ತಾನಾಗೇ ಬಂದು ಬಾಗಿಲಲ್ಲಿ ನಿಲ್ಲೋದು. ಹಗ್ಗ ಹಿಡಿದು ಎಳೆತಂದೋರು ಯಾರೂ ಇರಲಿಲ್ಲ. ಗುಲಾಮ ಆಗಿದ್ದರೆ ಬರ್ತಿತ್ತಾ?

ಮಗಳು: ಕೊಟ್ಟಿಗೇಲಿ ಕರು ಕಟ್ಟಿರ್ತಿದ್ದರಲ್ಲ, ಅದಕ್ಕೂ ಬರ್ತಿತ್ತು. ಕರು ಇಲ್ಲದವೂ ಬರ್ತಿದ್ದವು, ಒಪ್ತೀನಿ. ನಾಟಿ ಹಸುವಿಗೆ ಅಷ್ಟಾದರೂ ಹೊಲ, ಕೆರೆ ಅಂಗಳ, ಜೊತೆಯವು ಇದ್ದವು. ನಿಮ್ಮ ಸೀಮೆಹಸು ಈ ಶೀಟಿನ ಕೆಳಗಿಂದ ಕೊನೇ ಸಲ ಆಚೆ ಹೋದದ್ದು ಯಾವಾಗ?

ದೊಡ್ಡಪ್ಪ: ಆಚೆ ಎಲ್ಲಿಗೆ ಬಿಡ್ಲಿ? ಗೋಮಾಳ ಉಳಿದಿದೆಯಾ? ಬಿಸಿಲಿಗೆ ಬಿಟ್ಟರೆ ಏದುಸಿರು ಬಿಡ್ತವೆ.

ಮಗಳು: ಅದೇ. ತಂಪು ದೇಶದ ತಳಿ. ನಮ್ಮ ಬಿಸಿಲಿಗೆ ಆಗಿಬರೋದಿಲ್ಲ, ಕಾಡಿಗೆ ಬಿಟ್ಟರೆ ಉಳಿಯೋದಿಲ್ಲ, ನಾವಿಲ್ಲದೆ ಒಂದು ವಾರ ನಡೆಯೋದಿಲ್ಲ. ಹೋಗೋಕೆ ಜಾಗವೇ ಇಲ್ಲದ ಹಾಗೆ ಅದರ ಮೈಯನ್ನೇ ನಾವು ಮಾಡಿಟ್ಟಿದ್ದೀವಿ. ಆಮೇಲೆ ಎಲ್ಲಿಗೆ ಹೋಗ್ತದೆ, ಇಲ್ಲೇ ನೆಮ್ಮದಿಯಾಗಿದೆ ಅಂತೀವಿ.

ದೊಡ್ಡಪ್ಪ: ಹಸು ಒಂದು ಕಡೆ ಇರಲಿ, ಕಾಡಿಂದ ಹಿಡಿದು ತರೋ ಆನೆ ವಿಷಯಕ್ಕೆ ಬಂದರೆ ಜಗಳವಿಲ್ಲದೆ ಒಪ್ತೀನಿ. ಕಾಕನಕೋಟೆ ಖೆಡ್ಡಾದ ಕತೇನ ನಮ್ಮ ಕಡೆ ಹಳಬರು ಹೇಳೋರು. ತಮಟೆ ಬಡಿದು, ಬೆಂಕಿ ಹಿಡಿದು, ಹಿಂಡನ್ನ ಕಬಿನಿ ಹೊಳೆ ದಾಟಿಸಿ ದಿಮ್ಮಿಯ ಕೋಟೆಯೊಳಗೆ ಕೂಡೋದು. ನೋಡೋಕೆ ಬಂದ ದೊಡ್ಡವರಿಗೆ ಮೇಲೆ ಅಟ್ಟಣೆ. ಕೆಳಗೆ ತಾಯಿಯಿಂದ ಮರಿ ಬಿಡಿಸೋರು. 1971ರಲ್ಲಿ ಕೊನೇ ಖೆಡ್ಡಾ ನಡೀತು. ಅದು ಸಂತೆಗೆ ಮನುಷ್ಯರನ್ನ ಹಿಡಿದು ತಂದಂಗೇ ಅಲ್ವಾ.

ಮಗಳು: ದಸರೆ ಅಂಬಾರಿ ಹೊರುತ್ತಿದ್ದ ಅರ್ಜುನ ಅನ್ನೋ ಆನೆಯನ್ನ ಹಿಡಿದದ್ದು ಅದೇ ಕಾಕನಕೋಟೇಲಿ, 1968ರಲ್ಲಿ. 2012ರಿಂದ 2019ರ ತನಕ ಎಂಟು ದಸರೆಗೆ 750 ಕೆಜಿಯ ಅಂಬಾರಿ ಹೊತ್ತ. ಅರವತ್ತು ದಾಟಿತು, ಇನ್ನು ಅಂಬಾರಿ ಬೇಡ ಅಂತ ಇಳಿಸಿದರು. ಆದರೆ 2023ರ ಡಿಸೆಂಬರ್‌ನಲ್ಲಿ ಸಕಲೇಶಪುರದ ಹತ್ತಿರ ಯಸಳೂರಿಗೆ ಕಾಡಾನೆ ಹಿಡಿಯೋ ಕೆಲಸಕ್ಕೆ ಕರೆದುಕೊಂಡು ಹೋದರು. ಕಾಡಾನೆ ತಿವಿದು ಅಲ್ಲೇ ಸತ್ತ. ಹಿಡಿಸಿಕೊಂಡು ಬಂದವನು ಇನ್ನೊಬ್ಬನನ್ನ ಹಿಡಿಯೋಕೆ ಹೋಗಿ ಸತ್ತದ್ದು.

ದೊಡ್ಡಪ್ಪ: ಟೀವಿಯಲ್ಲಿ ನೋಡಿದೆ. ಮಾವುತ ಆನೆ ಮೇಲೆ ಬಿದ್ದು ಹೊರಳಾಡಿ ಅಳ್ತಿದ್ದ. ಅವನ ಸಂಕಟ ನೋಡೋಕಾಗಲಿಲ್ಲ.

ಮಗಳು: ಆ ಅಳು ನಿಜ. ಕಾಲಿನ ಸರಪಳಿಯೂ ನಿಜ. ಪ್ರೀತಿಯಿಂದ ನೋಡಿಕೊಂಡಿದ್ದೀವಿ, ಆದ್ದರಿಂದ ಇದು ಬಂಧನ ಅಲ್ಲ ಅನ್ನೋ ಮಾತು ನನಗೆ ಹಿಡಿಸೋದಿಲ್ಲ. ಗೌಡರ ಮನೆಯಮ್ಮನೂ ತಾತನಿಗೆ ಹಬ್ಬಕ್ಕೆ ಒಬ್ಬಟ್ಟು ಕೊಡ್ತಿದ್ದರಂತೆ, ನೀವೇ ಹೇಳಿದ್ದು.

ದೊಡ್ಡಪ್ಪ: ಕೊಡ್ತಿದ್ದರು. ದೂರದಿಂದ, ಮೇಲಿಂದ ಎಲೆಗೆ ಹಾಕ್ತಿದ್ದರು. ಪ್ರಾಣಿ ಕಟ್ಟಿಹಾಕೋದೂ ಗುಲಾಮಗಿರಿ ಅನ್ನೋದಕ್ಕೆ ಕೋರ್ಟು ಏನಂತದೆ? ನೀವೆಲ್ಲ ಕೇಸು ಹಾಕ್ತೀರಲ್ಲ.

ಮಗಳು: ಅಮೆರಿಕದಲ್ಲಿ ಹಾಕಿದ್ದರು, 2011ರಲ್ಲಿ. ಟಿಲಿಕಮ್ ಅಂತ ಒಂದು ತಿಮಿಂಗಿಲ, 1983ರಲ್ಲಿ ಐಸ್‌ಲೆಂಡಿನ ಸಮುದ್ರದಲ್ಲಿ ಹಿಡಿದದ್ದು, ಮತ್ತೆ ಇನ್ನೂ ನಾಲ್ಕು. ತೊಟ್ಟಿಯಲ್ಲಿಟ್ಟು ಆಟ ಆಡಿಸ್ತಿದ್ದರು. ಗುಲಾಮಗಿರಿಯನ್ನ ನಿಷೇಧಿಸಿದ ಅಲ್ಲಿನ 13ನೇ ತಿದ್ದುಪಡಿ ಇವಕ್ಕೂ ಅನ್ವಯಿಸಲಿ ಅಂತ ಕೇಳಿದರು. ಆ ತಿದ್ದುಪಡಿ ಮನುಷ್ಯರಿಗೆ ಮಾತ್ರ ಅಂತ 2012ರಲ್ಲಿ ಜಡ್ಜು ಕೇಸು ತಳ್ಳಿಹಾಕಿದರು. ಕಾನೂನಿನ ಮಟ್ಟಿಗೆ ಮುಗೀತು, ನನ್ನ ಪ್ರಶ್ನೆ ಮುಗೀಲಿಲ್ಲ.

ದೊಡ್ಡಪ್ಪ: ಆನೆ, ತಿಮಿಂಗಿಲ ಬಿಡು. ಅವನ್ನ ಹಿಡಿಯದಿದ್ದರೆ ನಮ್ಮ ಒಲೆ ಆರೋದಿಲ್ಲ. ಈ ಕೊಟ್ಟಿಗೆಗೆ ಬಾ. ಇಲ್ಲಿ ನಾನು ಮಾಡ್ತಿರೋದು ಏನು ತಪ್ಪು, ನೇರವಾಗಿ ಹೇಳು.

ಮಗಳು: ಸಂಜೆ ಕರೆಯುವಾಗ ನಾನು ನಿಂತು ನೋಡಿದೆ. ಮೊದಲು ಕರು ಬಿಡ್ತೀರ. ಅದು ಮೂತಿಯಿಂದ ಗುದ್ದಿ ನಾಲ್ಕು ಗುಟುಕು ಎಳೆದಾಗ ತಾಯಿ ಸೊರೆ ಬಿಡ್ತದೆ. ಬಾಯಲ್ಲಿ ನೊರೆ ಬಂದ ಕೂಡಲೆ ಕರುವಿನ ಕುತ್ತಿಗೆಯ ಹಗ್ಗ ಹಿಡಿದು ಎಳೆದು ತಾಯಿಯ ಮುಂಗಾಲ ಹತ್ತಿರ ಕಟ್ತೀರ. ಅದು ಮೊಲೆ ಕಡೆಗೆ ಜಗ್ತಾ ಇರ್ತದೆ, ತಾಯಿ ಅದರ ಬೆನ್ನು ನೆಕ್ತಾ ನಿಂತಿರ್ತದೆ, ಕೆಳಗೆ ನೀವು ಕರೀತಿರ್ತೀರ. ಅದು ನೆಕ್ಕೋದು ಮಗುವನ್ನ, ಹಾಲು ಬಿಡೋದು ಮಗುವಿಗೆ ಅಂತ, ತುಂಬೋದು ನಮ್ಮ ಕ್ಯಾನು.

ದೊಡ್ಡಪ್ಪ: ಒಂದು ಮೊಲೆ ಕರುವಿಗೆ ಬಿಟ್ಟೇ ಬಿಡ್ತೀನಿ. ಗಿಣ್ಣುಹಾಲು ಪೂರ್ತಿ ಅದಕ್ಕೇ. ಬೇರೆಯವರ ಥರ ಸೂಜಿ ಚುಚ್ಚಿ ಸೊರೆ ಬಿಡಿಸಿದವನಲ್ಲ.

ಮಗಳು: ಗೊತ್ತು. ನೀವು ಒಳ್ಳೆ ಒಡೆಯರು ದೊಡ್ಡಪ್ಪ. ಒಳ್ಳೆಯವರ ಕೊಟ್ಟಿಗೇಲೇ ಈ ಪ್ರಶ್ನೆ ಕೇಳಬೇಕು. ಹೊಡೆಯೋರ ಮನೇಲಿ ಕೇಳಿದರೆ ಉತ್ತರ ಸುಲಭ, ಹೊಡೆಯೋದು ನಿಲ್ಲಿಸಿ ಅಂದರೆ ಮುಗೀತು. ಮೊನ್ನೆ ಹುಟ್ಟಿತಲ್ಲ ಹೋರಿಗರು, ಅದಕ್ಕೆ ಏನು ಗತಿ?

ದೊಡ್ಡಪ್ಪ: (ಸ್ವಲ್ಪ ಹೊತ್ತು ಬಿಟ್ಟು) ಮೊದಲಾದರೆ ಎತ್ತಾಗ್ತಿತ್ತು. ಈಗ ಉಳೋದು ಟ್ರ್ಯಾಕ್ಟರು, ಟಿಲ್ಲರು. ಸೀಮೆ ಹೋರಿಗೆ ಭುಜ ಇಲ್ಲ, ನೊಗ ನಿಲ್ಲೋದಿಲ್ಲ. ಮೊದಲು ವ್ಯಾಪಾರದವರು ಬಂದು ಹಿಡ್ಕೊಂಡು ಹೋಗ್ತಿದ್ದರು. 2020ರ ಗೋಹತ್ಯೆ ಕಾನೂನು 2021ರ ಜನವರಿಯಿಂದ ಜಾರಿಗೆ ಬಂದ ಮೇಲೆ ಸಾಗಿಸೋಕೆ ಹೆದರ್ತಾರೆ, ಕೊಂದರೆ ಮೂರರಿಂದ ಏಳು ವರ್ಷ ಜೈಲು ಅಂತ ಬರೆದಿದೆ. ಕೆಲವರು ರಾತ್ರಿ ಹೊತ್ತು ಕೊಂಡುಹೋಗಿ ದೂರದ ರಸ್ತೆಯಲ್ಲಿ ಬಿಟ್ಟು ಬರ್ತಾರೆ. ಕೆಲವರು ಹಾಲು ಕೊಡದೆ ತಾನಾಗೇ ಹೋಗಲಿ ಅಂತ ಸುಮ್ಮನಿರ್ತಾರೆ. ನಾನು ಇನ್ನೂ ಯೋಚನೆ ಮಾಡಿಲ್ಲ.

ಮಗಳು: ಈಗ ಕಾಲೇಜಲ್ಲಿ ಅದಕ್ಕೂ ಒಂದು ದಾರಿ ಹೇಳಿಕೊಡ್ತಾರೆ. ಹೆಣ್ಣುಕರುವೇ ಆಗೋ ಹಾಗೆ ಬೇರ್ಪಡಿಸಿದ ವೀರ್ಯದ ಕಡ್ಡಿ. ನೂರಕ್ಕೆ ತೊಂಬತ್ತು ಸಲ ಹೆಣ್ಣೇ ಆಗ್ತದೆ. ಬೆದೆಗೆ ಬಂದಾಗ ನಾವು ಭುಜದ ತನಕ ಗ್ಲೌಸ್ ಹಾಕಿ, ಮೈನಸ್ 196 ಡಿಗ್ರಿಯ ಕ್ಯಾನಿನಿಂದ ಕಡ್ಡಿ ತೆಗೆದು ಒಳಗೆ ಬಿಡ್ತೀವಿ. ಹೋರಿ ಕೊಲ್ಲೋದಕ್ಕಿಂತ ಹುಟ್ಟದೇ ಇರೋದು ಮೇಲು ಅಂತ ನಾನೂ ಒಪ್ತೀನಿ. ಆದರೆ ಯಾವ ಜೀವ ಹುಟ್ಟಬೇಕು, ಯಾವುದು ಬೇಡ, ಯಾವಾಗ ಗಬ್ಬ ಆಗಬೇಕು, ಯಾವಾಗ ಬತ್ತಿಸಬೇಕು, ಎಲ್ಲ ನಮ್ಮ ಕೈಲಿ. ಇಷ್ಟು ಹಿಡಿತ ಗೌಡರಿಗೂ ತಾತನ ಮೇಲೆ ಇರಲಿಲ್ಲ.

ದೊಡ್ಡಪ್ಪ: ಸರಿ, ಗುಲಾಮಗಿರಿ ಅಂತಲೇ ಇಟ್ಕೋ. ಬಿಡಿಸೋದು ಹೇಗೆ? ಗುಲಾಮನನ್ನ ಬಿಡಿಸಿದರೆ ಮನುಷ್ಯನಾಗಿ ಬದುಕ್ತಾನೆ. ಹಸುವನ್ನ ಬಿಡಿಸಿದರೆ? ಈಗ ಕಣ್ಣಿ ಬಿಚ್ಚಿದರೆ ನಾಳೆ ಬೆಳಿಗ್ಗೆ ಬೈಪಾಸಲ್ಲಿ ಲಾರಿ ಕೆಳಗಿರ್ತದೆ.

ಮಗಳು: ತಾತನನ್ನ ಬಿಡಿಸಿದಾಗ ಏನಾಯ್ತು, ಅದು ಹೇಳಿ.

ದೊಡ್ಡಪ್ಪ: ಅದು ನಿನಗೆ ಸರಿಯಾಗಿ ಯಾರೂ ಹೇಳಿಲ್ಲ ಅನ್ಸುತ್ತೆ. ಎಮರ್ಜೆನ್ಸಿ ಕಾಲ. 1975ರ ಅಕ್ಟೋಬರ್‌ನಲ್ಲಿ ಸುಗ್ರೀವಾಜ್ಞೆ, 1976ರಲ್ಲಿ ಕಾಯಿದೆ, ಜೀತ ರದ್ದು, ಸಾಲವೂ ರದ್ದು. ಸಾಹೇಬರು ಊರಿಗೆ ಬಂದು ಹೆಸರು ಬರೆದುಕೊಂಡು ಇವತ್ತಿಂದ ನೀನು ಬಿಡುಗಡೆ ಅಂದರು. ಅಪ್ಪ ಮನೆಗೆ ಬಂದು ಕೂತ. ರಾಗಿ ಇರಲಿಲ್ಲ. ಜೀತದಲ್ಲಿ ರಾಗಿಯಾದರೂ ಬರ್ತಿತ್ತು. ಗೌಡರು ಇನ್ನು ಕೂಲಿಗೂ ಕರೆಯೋದಿಲ್ಲ ಅಂತ ಹಟ ಹಿಡಿದರು. ಆ ಬೇಸಿಗೇಲಿ ನಾವು ಏನು ತಿಂದೆವು ಅಂತ ಕೇಳಬೇಡ. ಕೊನೆಗೆ ಅಪ್ಪ ಅದೇ ಬಾಗಿಲಿಗೆ ಹೋಗಿ ನಿಂತ, ಕೂಲಿ ಕೊಡಿ ಅಂತ. ಎಷ್ಟೋ ವರ್ಷ ಆದ ಮೇಲೆ ದರಖಾಸ್ತಲ್ಲಿ ಈ ಎರಡು ಎಕರೆ ಬಂತು ನೋಡು, ಆಗ ಅಪ್ಪನ ಬೆನ್ನು ನೆಟ್ಟಗಾಯ್ತು. ಬಿಡುಗಡೆ ಕಾಗದ ಕಾಲು ಬಿಡಿಸಿತು. ನಿಲ್ಲೋಕೆ ಜಾಗ ಕೊಟ್ಟದ್ದು ಜಮೀನು.

ಮಗಳು: ಹಾಗಂತ ಜೀತವೇ ವಾಸಿ ಇತ್ತು ಅಂತೀರಾ?

ದೊಡ್ಡಪ್ಪ: ಅಪ್ಪನ ಆಣೆಗೂ ಅನ್ನೋದಿಲ್ಲ.

ಮಗಳು: ನಾನೂ ಅಷ್ಟೇ ಹೇಳ್ತಿರೋದು. ಬಿಟ್ಟರೆ ಸಾಯ್ತದೆ ಅನ್ನೋದು ಕಟ್ಟಿಹಾಕಿದ್ದು ಸರಿ ಅನ್ನೋದಕ್ಕೆ ಸಾಕ್ಷಿ ಆಗೋದಿಲ್ಲ. ಕಟ್ಟಿದವರು ಏನು ಕೊಟ್ಟು ಬಿಡಬೇಕು ಅನ್ನೋದು ಬಾಕಿ ಇದೆ ಅಂತ ಅರ್ಥ. ಗೋಹತ್ಯೆ ಕಾನೂನಲ್ಲೂ ಇದೇ ಆದದ್ದು. ಕೊಲ್ಲಬೇಡಿ ಅಂತ ಬರೆದರು. ಮುದಿಹಸು ತಿನ್ನೋದೇನು, ಯಾರು ಹಾಕಬೇಕು ಅನ್ನೋದನ್ನ ನಿಮ್ಮ ತಲೆ ಮೇಲೆ ಬಿಟ್ಟರು.

ದೊಡ್ಡಪ್ಪ: ಅದು ನಿಜ. ಪೂಜೆ ಮಾಡೋರು ಒಂದು ಹೊರೆ ಹುಲ್ಲು ತಂದುಕೊಟ್ಟಿದ್ದು ನಾನು ನೋಡಿಲ್ಲ.

ಮಗಳು: ಜೀತದಲ್ಲಿ ಸಾಲಗಾರ ತಾತ. ಎಷ್ಟು ದುಡಿದರೂ ತೀರದ ಹಾಗೆ ಲೆಕ್ಕ ಬರೆದಿದ್ದರು. ಈ ಕೊಟ್ಟಿಗೇಲಿ ಲೆಕ್ಕ ಬರೆದರೆ ಸಾಲಗಾರ ಯಾರು? ಗೌರಿ ಇದ್ದಾಳಲ್ಲ, ಆ ಮೂಲೆಯವಳು. ಎಷ್ಟನೇ ಸೂಲಿಗೆ ನಿಂತಳು?

ದೊಡ್ಡಪ್ಪ: ಏಳು ಸೂಲು. ಎಂಟಕ್ಕೆ ಎಷ್ಟು ಸಲ ಇಂಜೆಕ್ಷನ್ ಕೊಡಿಸಿದರೂ ಫಲ ನಿಲ್ಲಲಿಲ್ಲ. ಗೊಡ್ಡು ಅಂತ ಡಾಕ್ಟರೂ ಹೇಳಿದರು. ಈ ಗೋಡೆ, ಈ ಶೀಟು, ನಿನ್ನ ಅಣ್ಣನ ಡಿಪ್ಲೊಮಾ, ಎಲ್ಲ ಅವಳದೇ. ಅದಕ್ಕೇ ಕೊಡೋಕೆ ಮನಸ್ಸು ಬಂದಿಲ್ಲ. ಆದರೆ ಬೂಸ, ಹುಲ್ಲು ಅಂತ ದಿನಕ್ಕೆ ನೂರು ರೂಪಾಯಿ ತಿಂತಾಳೆ. ಎಷ್ಟು ದಿನ ತಡೀಲಿ?

ಮಗಳು: ಒಂದು ಸೂಲಿಗೆ 3,000 ಲೀಟರ್ ಅಂದರೂ ಏಳಕ್ಕೆ 21,000 ಲೀಟರ್ ಕೊಟ್ಟಿದ್ದಾಳೆ. ಚೆನ್ನಾಗಿ ನೋಡಿಕೊಂಡರೆ ಇನ್ನೂ ಎಂಟು ವರ್ಷ ಇರಬಹುದು. ದಿನಕ್ಕೆ 100 ರೂಪಾಯಿ, ವರ್ಷಕ್ಕೆ 36,500, ಎಂಟು ವರ್ಷಕ್ಕೆ 2,92,000. ಅದನ್ನ ಅವಳು ಕೊಟ್ಟ ಹಾಲಿಗೆ ಹಂಚಿದರೆ ಲೀಟರಿಗೆ ಹದಿನಾಲ್ಕು ರೂಪಾಯಿಗೆ ಚೂರು ಕಡಿಮೆ. ಅಷ್ಟು ಅವಳ ಮುಪ್ಪಿಗೆ ಅಂತ ಮೊದಲಿಂದ ಎತ್ತಿಟ್ಟಿರಬೇಕಿತ್ತು.

ದೊಡ್ಡಪ್ಪ: ಯಾರು ಎತ್ತಿಡೋದು? ನನ್ನ ಕೈಗೆ ಉಳಿಯೋದೇ ಅಷ್ಟಿಲ್ಲ. ಹಿಂಡಿ ಮೂಟೆ ರೇಟು ಗೊತ್ತಾ ನಿನಗೆ? ಸರ್ಕಾರ ಲೀಟರಿಗೆ ಇಷ್ಟು ಅಂತ ಕೊಡೋ ಪ್ರೋತ್ಸಾಹಧನ ಬರೋದು ತಿಂಗಳುಗಟ್ಟಲೆ ತಡ.

ಮಗಳು: ನೀವೊಬ್ಬರೇ ಅಲ್ಲ. ಹಾಲು ಕುಡಿದವರೂ ಎತ್ತಿಡಬೇಕಿತ್ತು. 2025ರ ಏಪ್ರಿಲ್‌ನಲ್ಲಿ ನೀಲಿ ಪ್ಯಾಕೆಟ್ ಹಾಲು ಲೀಟರಿಗೆ 42ರಿಂದ 46 ಆಯ್ತು, ರೈತರಿಗೆ ಅಂತ ಏರಿಸಿದರು, ಸರಿಯಾದದ್ದೇ. ಆ 46ಕ್ಕೆ ಗೌರಿಯ ಪಾಲೂ ಸೇರಿದ್ದರೆ 60 ಆಗ್ತಿತ್ತು. ಅಷ್ಟು ಕೊಟ್ಟು ಕುಡಿದಿದ್ದರೆ ಅದು ಕೊಂಡ ಹಾಲು. ಕೊಡದೆ ಕುಡಿದದ್ದು ಅವಳ ಮುಪ್ಪಿನಿಂದ ಕಿತ್ತುಕೊಂಡದ್ದು.

ದೊಡ್ಡಪ್ಪ: ನೀನು ಕುಡಿಯೋದು ಬಿಟ್ಟೆ. ಅದರಿಂದ ಗೌರಿಗೆ ಒಂದು ಹಿಡಿ ಹುಲ್ಲು ಬಂತಾ?

ಮಗಳು: ಬರಲಿಲ್ಲ. ಇಪ್ಪತ್ತು ವರ್ಷ ಕುಡಿದು ಬೆಳೆದವಳು ನಾನು. ನನ್ನ ಪಾಲಿನ ಬಾಕಿಯೂ ಇದೆ. ಕೆಲಸ ಸಿಕ್ಕಿದ ಮೇಲೆ ಅವಳ ಬೂಸದ ಖರ್ಚು ನನ್ನದು ಅಂತ ಬರೆದುಕೊಳ್ಳಿ.

ದೊಡ್ಡಪ್ಪ: ನಿನಗೊಬ್ಬಳು ಗೌರಿ. ಈ ಊರಲ್ಲೇ ಡೈರಿಗೆ ಹಾಲು ಹಾಕೋ ಮನೆ ಎಷ್ಟಿವೆ? ಮೈಸೂರು, ಬೆಂಗಳೂರಿನವರು ನಾಳೆ 60 ಕೊಡಿ ಅಂದ್ರೆ ಕೊಡ್ತಾರಾ? ಇಲ್ಲಿ ನನ್ನ ಜೊತೆ ವಾದ ಮಾಡಿದ್ದು ಸಾಕು. ಅಲ್ಲಿ ಹೋಗಿ ಕೇಳು.

ಮಗಳು: ಕೇಳ್ತೀನಿ. ಆದರೆ ಹೋರಿಗರುವಿನದು ಈ ಲೆಕ್ಕದಲ್ಲಿ ಸೇರಿಲ್ಲ ದೊಡ್ಡಪ್ಪ. ಅದೂ ಇಪ್ಪತ್ತು ವರ್ಷ ಬದುಕೋ ಜೀವ.

ದೊಡ್ಡಪ್ಪ: ಅದನ್ನೂ ಸೇರಿಸಿ ಎಷ್ಟಾಗ್ತದೆ ಹೇಳು. ಕರುವನ್ನ ಯಾರಿಗೂ ಕೊಡೋದಿಲ್ಲ ಅಂತ ಈಗಲೇ ಮಾತು ಕೊಡಲಾರೆ. ನೀನು ಆ ರೇಟು ಕೇಳಿಕೊಂಡು ಬರೋ ತನಕ ಕಟ್ಟಿರ್ತೀನಿ.